ಮಾಸ್ತರರಿಗೆ ನಾನು ಹಚ್ಚಿದ ಹೆಸರು

ನಮ್ಮ ಹಿರಿಯ ಮಾಸ್ತರರ ನೀರಿನ ತಂಬಿಗೆಯ ಬಾಯಿಗೆ ಸದಾ ಒಂದು ಬಿಳಿ ಬಟ್ಟೆ, ಅದಕ್ಕೆ ಮೂರು ಗಂಟು. ಕುಡಿಯುವ ಮೊದಲು ಕನ್ನಡಕವನ್ನು ಹಣೆಗೇರಿಸಿ, ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದು, ಯಾರಾದರೂ ನೀರಿಗೆ ಏನಾದರೂ ಬೆರೆಸಿದ್ದಾರೆಯೇ ಎಂದು ಗಂಟುಗಳನ್ನು ಪರೀಕ್ಷಿಸುತ್ತಿದ್ದರು. ಮುಂಬಯಿ ಸರಕಾರ ಹೋಗಿ ಮೈಸೂರಿನದು ಬಂದು ನಾಲ್ಕೈದು ವರ್ಷವಾಗಿದ್ದರೂ, ತಮ್ಮ ಸರ್ವಿಸ್ ಬುಕ್ಕನ್ನು ಯಾರೋ ಬೇಕೆಂದೇ ಮುಂಬಯಿಯಲ್ಲಿ ಉಳಿಸಿಕೊಂಡಿದ್ದಾರೆಂದು ಅವರ ಗುಮಾನಿ. ಸಿದ್ದಾಪುರದ ಆ ಶಾಲೆಗೆ ಹೊಸದಾಗಿ ಸೇರಿದ ನನ್ನನ್ನೂ ಒಂದು ತಿಂಗಳು ಓರೆಗಣ್ಣಿನಿಂದಲೇ ನೋಡಿದರು.

ಆದರೆ ಮಕ್ಕಳ ಉತ್ತರಪತ್ರಿಕೆಯನ್ನು ಮೂರು ಸಲ ನೋಡುತ್ತಿದ್ದವರು ಅವರೊಬ್ಬರೇ. ಮೊದಲೆರಡು ಸಲ ತಾವೇ ನೋಡಿದ್ದರ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ನಾನು ಜ್ವರ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಮಲಗಿದ್ದಾಗ ಗಂಜಿ ತಂದವರೂ ಅವರೇ. ನನ್ನೆದುರಿಗೇ ಒಂದು ಗುಟುಕು ಕುಡಿದು ತೋರಿಸಿದರು.

"ನೋಡು, ಆನು ಕುಡದಿ. ಇನ್ನು ಹೆದ್ರಡ."

ನನಗೂ ಅಂಥ ಹೆದರಿಕೆ ಇರುತ್ತದೆಂದೇ ಆ ಪುಣ್ಯಾತ್ಮರು ತಿಳಿದಿದ್ದರು.

ಅಂಥವರಿಗೆ ನಾನು ಮಾಡಿದ್ದು ಇದು. ಟ್ರೇನಿಂಗಿನಲ್ಲಿ ಮನಶ್ಶಾಸ್ತ್ರದ ಟಿಪ್ಪಣಿ ಮಾಡುವಾಗ 'ವ್ಯಕ್ತಿತ್ವ ದೋಷ' ಎಂಬ ಶಬ್ದ ಬರೆದುಕೊಂಡಿದ್ದೆ. ಅರ್ಧ ಪುಟದ ತಿಳಿವಳಿಕೆ, ಮೈತುಂಬ ಜಂಬ. ಒಂದು ದಿನ ಮಾಸ್ತರರು ಪಾಠಕ್ಕೆ ಹೋದಾಗ, ಪರೀಕ್ಷೆ ಮಾಡಿಯೇಬಿಡೋಣವೆಂದು ಗಂಟು ಬಿಚ್ಚಿ ಮತ್ತೆ ಕಟ್ಟಿಟ್ಟೆ. ಅವರು ಬಂದು ನೋಡಿದವರೇ, "ಇದನ್ನ ಯಾರು ಮುಟ್ಟಿದ್ದು?" ಎಂದು ಕೇಳಿದರು. ಉಳಿದ ಶಿಕ್ಷಕರೂ ನಾನೂ ಯಾರೂ ಇಲ್ಲವೆಂದೆವು. ನೀರು ಚೆಲ್ಲಲು ಅವರು ಬಾಗಿಲಿಗೆ ಹೋದಾಗ, ಅವರಿಗೂ ಕೇಳುವಂತೆ ನಾನೆಂದೆ: "ಇದಕ್ಕೇ ವ್ಯಕ್ತಿತ್ವ ದೋಷ ಹೇಳೂದು."

ಎಲ್ಲರೂ ನಕ್ಕರು. ವಾರದೊಳಗೆ ಆ ಶಬ್ದ ಬಸ್ ಸ್ಟ್ಯಾಂಡಿನ ಚಹದಂಗಡಿಯನ್ನೂ ತಲುಪಿತ್ತು. ಲೋಟ ಮೂಸಿ ನೋಡಿದವನಿಗೂ ಅದೇ ಹೆಸರು, ಹೆಂಡತಿಯೊಡನೆ ಜಗಳಾಡಿದವನಿಗೂ ಅದೇ.

ನನಗೆ ತಡೆಯಲಾಗಲಿಲ್ಲ. ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ.

"ಬಿಚ್ಚಿದ್ದು ನೀನೇ ಹೇಳಿ ಅವತ್ತೇ ಗೊತ್ತಾತು. ಗಂಟು ಹಾಕಲೂ ಬತ್ತಿಲ್ಲೆ ನಿಂಗೆ" ಎಂದವರು ಒಳಗೆ ನಡೆದುಬಿಟ್ಟರು. ನನ್ನನ್ನು ಕಳಿಸಲು ಅಂಗಳದವರೆಗೆ ಬಂದವರು ಅವರ ಹೆಂಡತಿ.

"ತಮಾ, ಇಪ್ಪತ್ತು ವರ್ಷಾತು, ಆನು ಮೊದ್ಲು ಉಂಡು ತೋರ್ಸದೆ ಅವು ತುತ್ತು ಎತ್ತಿದ್ವಿಲ್ಲೆ. ಕಡೆಗೆ ಅವೇ, ತನಗೇ ಸಾಕಾತು ಹೇಳಿ ಅತ್ತು, ಶಿರಸಿ ಡಾಕ್ಟ್ರ ಹತ್ರ ಹೋಪಲೆ ಒಪ್ಪಿದ್ದ. ರಜೆ ಅರ್ಜಿನೂ ಬರದಿಟ್ಟಿದ್ದ. ಅವತ್ತು ಶಾಲೆಯಿಂದ ಬಂದವು ಅದನ್ನ ಹರಿದು ಒಲೆಗೆ ಹಾಕಿದ. ಈಗ ಹೋದ್ರೆ ನಿಂಗಳ ಮಾತು ಖರೆ ಹೇಳಿ ಒಪ್ಪಿಕೊಂಡಂಗಾತು ಹೇಳ್ತ."

ಆ ಶಬ್ದವನ್ನು ಅವರು ಮೊದಲು ಒಬ್ಬ ಡಾಕ್ಟರರ ಬಾಯಿಂದ ಕೇಳಿದ್ದರೆ ಏನಾದರೂ ಮದ್ದು, ಉಪಾಯ ಸಿಗುತ್ತಿತ್ತೋ ಏನೋ. ಕೇಳಿದ್ದು ನನ್ನ ಬಾಯಿಂದ, ಬೈಗುಳವಾಗಿ. ಅಂದಿನಿಂದ ಯಾರಾದರೂ ಇನ್ನೊಬ್ಬರ ಸ್ವಭಾವಕ್ಕೆ ದೊಡ್ಡ ಹೆಸರಿಟ್ಟರೆ, ನನಗೆ ಹೆಸರಿಟ್ಟವನ ಮೇಲೆಯೇ ಸಂಶಯ.

ಮಾಸ್ತರರು ಶಿರಸಿಗೆ ಹೋಗಲೇ ಇಲ್ಲ. ನಿವೃತ್ತರಾದ ಮರುವರ್ಷ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಇನ್ನೂ ಎಲೆ ಹಾಕಿರಲಿಲ್ಲ. ಅಡಿಗೆಮನೆಯಲ್ಲಿ ಆ ತಾಯಿ ಅನ್ನದ ಪಾತ್ರೆಯಿಂದ ಒಂದು ತುತ್ತು ತೆಗೆದು ಬಾಯಿಯ ತನಕ ಒಯ್ದವರು, ಹಾಗೇ ನಿಂತರು. ಆಮೇಲೆ ಅದನ್ನು ಬದಿಗಿಟ್ಟು ಕೈ ತೊಳೆದುಕೊಂಡರು.