ಸ್ತೊಯ್ನಾ ಬಿಚ್ಚಿದ ಹೊಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೊದೋಪಿ ಬೆಟ್ಟದ ಈ ಊರಿನಲ್ಲಿ ಸ್ತೊಯ್ನಾ ಅವರ ಕಿಟಕಿಯಲ್ಲಿ ಮಾತ್ರ ದೀಪವಿದೆ. ಚಳಿಗಾಲವೆಲ್ಲ ಕೂತು ಹೊಲಿದ ದೊಡ್ಡ ಬಟ್ಟೆಚಿತ್ರವನ್ನು ತೊಡೆಯ ಮೇಲೆ ಹರವಿಕೊಂಡು, ಅದರ ನಟ್ಟನಡುವಿನ ಹೊಲಿಗೆಯನ್ನು ಅವರೇ ಬಿಚ್ಚುತ್ತಿದ್ದಾರೆ. ಕತ್ತರಿ ಮುಟ್ಟುವುದಿಲ್ಲ, ಸೂಜಿಯ ಮೊನೆಯಿಂದ ದಾರ ಎಬ್ಬಿಸುತ್ತಾರೆ. ಬಟ್ಟೆ ಹರಿಯಬಾರದು.

ತಾವು ದುಡಿಯುತ್ತಿದ್ದ ಡೇರೆ ಹೊಲಿಯುವ ಕಾರ್ಖಾನೆ ಮುಚ್ಚಿದ ಮೇಲೆ ಹಿಡಿದ ಕೆಲಸವಿದು. ಅಲ್ಲಿಂದ ತಂದ ಕ್ಯಾನ್ವಾಸ್ ತುಂಡುಗಳನ್ನು ಜೋಡಿಸಿ, ಮೇಲೆ ಊರವರ ಹಳೇ ಬಟ್ಟೆಗಳನ್ನು ಹೊಲಿಯುತ್ತಾರೆ. ಬಣ್ಣವೆಲ್ಲ ಮನೆಯಲ್ಲೇ ಮಾಡಿದ್ದು. ಅಕ್ರೋಟಿನ ಹಸಿ ಸಿಪ್ಪೆ ಬೇಯಿಸಿದರೆ ಕಂದು, ಈರುಳ್ಳಿ ಸಿಪ್ಪೆಗೆ ಹೊಂಬಣ್ಣ, ಮಂಜಿಷ್ಠದ ಬೇರಿಗೆ ಇಟ್ಟಿಗೆಗೆಂಪು. ಚಿತ್ರದಲ್ಲಿ ಹೂವಿಲ್ಲ, ಹಕ್ಕಿಯಿಲ್ಲ, ಬಣ್ಣದ ತುಂಡುಗಳಷ್ಟೇ.

"ಏನಿದು, ಹಾಸಿಗೇನೋ ಹೊಲಾನೋ?" ಎಂದು ಊರವರು ಛೇಡಿಸುತ್ತಾರೆ.

"ಹೊಲ ಅನ್ಸಿದ್ರೆ ಕುರಿ ಬಿಟ್ಕೊಳ್ಳಿ" ಅನ್ನುತ್ತಾರೆ ಸ್ತೊಯ್ನಾ.

ಈ ಶನಿವಾರ ಚಿತ್ರ ಪಟ್ಟಣದ ಸಭಾಭವನದ ಗೋಡೆ ಏರಬೇಕು. ಇಷ್ಟು ವರ್ಷದಲ್ಲಿ ಇದೇ ಮೊದಲು. ಅಷ್ಟರಲ್ಲಿ ನಿನ್ನೆ ಪಕ್ಕದ ಮನೆಯ ಜ್ಲಾತಾನಾ ಮುಖ ಬಾಡಿಸಿಕೊಂಡು ಬಂದಳು. ಅವಳು ಚಿಂದಿಯೆಂದು ಕೊಟ್ಟಿದ್ದ ಗಂಟಿನಲ್ಲಿ ತಾಯಿ ವೇಲಾ ಅಜ್ಜಿಯ ಸಾವಿನ ಬಟ್ಟೆ ಸೇರಿಹೋಗಿತ್ತು. ಇಲ್ಲಿನ ಮುದುಕಿಯರು ತಮ್ಮ ಹೆಣದಡಿ ಹಾಸುವ ಬಟ್ಟೆಯನ್ನು ತಾವೇ ನೇಯ್ದು ಎತ್ತಿಡುತ್ತಾರೆ. ಕಣ್ಣು ಮಂಜಾಗಿ ಹಾಸಿಗೆ ಹಿಡಿದಿರುವ ಅಜ್ಜಿ ಪೆಟ್ಟಿಗೆ ತಡಕಿ, ಬಟ್ಟೆ ಸಿಗದೆ, ಊಟ ಬಿಟ್ಟಿದ್ದಾರೆ. ಆ ಬಿಳಿ ಬಟ್ಟೆ ಈಗ ಕಂದು ಬಣ್ಣ ಕುಡಿದು ಚಿತ್ರದ ನಡುವೆ ಕೂತಿದೆ.

"ಬೇರೆ ಯಾವ್ದಾದ್ರೂ ಬಿಳೀದು ಕೊಟ್ಬಿಡ್ಲಾ ಅಕ್ಕಾ? ಹೇಗೂ ಕಣ್ಣು ಕಾಣ್ಸಲ್ಲ" ಎಂದಿದ್ದಳು ಜ್ಲಾತಾನಾ.

"ಕೈಗೆ ಗೊತ್ತಾಗುತ್ತೆ ಕಣೆ. ನೇಯ್ದೋರು ಅವ್ರು."

ಬಿಸಿಲೇರುವ ಹೊತ್ತಿಗೆ ಸ್ತೊಯ್ನಾ ಬಟ್ಟೆ ಮಡಚಿಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ವೇಲಾ ಅಜ್ಜಿ ಅಂಚು ಸವರುತ್ತಾ ಹೋಗಿ ಮೂಲೆಯ ಗಂಟಿಗೆ ಬಂದು ನಿಲ್ಲುತ್ತಾರೆ.

"ನಂದೇ."

"ಬಿಳಿ ಉಳಿದಿಲ್ಲ ದೊಡ್ಡಮ್ಮ. ಅಕ್ರೋಟಿನ ಬಣ್ಣಕ್ಕೆ ಅದ್ದಿಬಿಟ್ಟೆ. ಇನ್ನು ಹೋಗಲ್ಲ ಅದು."

ಅಜ್ಜಿ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ.

"ಯಾವ ಮರದ್ದು?"

"ನಿಮ್ಮ ಬಾಗಿಲ ಮುಂದಿಂದೇ."

"ನಮ್ಮ ಯಜಮಾನ್ರು ನೆಟ್ಟಿದ್ದು. ಇರ್ಲಿ ಬಿಡು, ಮಣ್ಣು ಮೆತ್ತಿದ್ರೂ ಕಾಣ್ಸಲ್ಲ." ಆಮೇಲೆ ಮಗಳ ಕಡೆ ತಿರುಗುತ್ತಾರೆ. "ಮೊಸರಿದ್ರೆ ತಾರೇ. ನಿನ್ನ ಬೈಯೋಕಾದ್ರೂ ಶಕ್ತಿ ಬೇಕಲ್ಲ."

ಚಿತ್ರದ ನಡುವೆ ಈಗ ಬರೀ ಕ್ಯಾನ್ವಾಸ್, ಸುತ್ತ ಸೂಜಿಯ ತೂತುಗಳ ಸಾಲು. ವಿಷಯ ತಿಳಿಸಿದಾಗ, ಅಲ್ಲಿಗೆ ಬೇರೊಂದು ತುಂಡು ಹಚ್ಚಿಬಿಡಿ ಎಂದು ಸಭಾಭವನದವರು ಫೋನಿನಲ್ಲಿ ಹೇಳುತ್ತಾರೆ. ಸ್ತೊಯ್ನಾ ಒಪ್ಪುವುದಿಲ್ಲ.

"ಅದು ದೊಡ್ಡಮ್ಮನ ಜಾಗ. ಹಾಗೇ ತೂಗುಹಾಕಿ" ಅನ್ನುತ್ತಾರೆ.

ಫೋನಿಟ್ಟು, ಬಿಚ್ಚಿದ ದಾರವನ್ನು ಕಂದು ಹಿಡಿದ ಬೆರಳಿಗೆ ಸುತ್ತುತ್ತಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

"ಆ ಬಟ್ಟೆ ಇನ್ನೂ ಸುಮಾರು ವರ್ಷ ಪೆಟ್ಟಿಗೇಲೇ ಮಡಚಿಟ್ಟ ಹಾಗೇ ಇರ್ಲಿ. ನಂಗೆ ಅಷ್ಟು ಸಾಕು."