ನಾಲ್ಕನೇ ಕಲ್ಲಿನ ನಗೆ

ಶಹಾಬಾದಿನ ನಮ್ಮ ಪಡಸಾಲೆಗೆ ಹಾಸಿರುವುದು ಊರಿನದೇ ಪರಸಿ ಕಲ್ಲು. ನನ್ನ ಗಂಡ ಅಂಗಡಿಯಲ್ಲಿ ಇಂಥ ಕಲ್ಲುಗಳಿಗೆ ಸೀಮೆಸುಣ್ಣದಿಂದ ಅಳತೆಯ ಗುರುತು ಹಾಕುವವರು. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಬಳಿಯ ನಾಲ್ಕು ಕಲ್ಲುಗಳ ಮೇಲೆ ಒಂದು ಎಮ್ಮೆ, ಒಂದು ಕಾಗೆ, ಕಲ್ಲಿಗೊಂದು ಚಿತ್ರ. ಮೊಬೈಲಿನಲ್ಲಿ ಫೋಟೊ ತೆಗೆದು ನೆಟ್ಟಿಗೆ ಹಾಕುತ್ತಿದ್ದರು. ಅದೇ ಅವರ ಕಾಮಿಕ್ಸ್.

ಹಾಕುವ ಮೊದಲು ನನ್ನ ತೀರ್ಪು ಬೇಕು. ನಾನೇನು ಸುಲಭಕ್ಕೆ ನಗುವವಳಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ನಿಂತು, ಮೂರನೇ ಕಲ್ಲಿಗೇ ನಗು ಬಂತು, ನಾಲ್ಕನೆಯದನ್ನು ಅಳಿಸಿ ಎನ್ನುತ್ತಿದ್ದೆ. ಎಲ್ಲಾದರೂ ಎಮ್ಮೆ ಹೀಗೆ ಭಾಷಣ ಬಿಗಿಯುತ್ತದೇನು ಎನ್ನುತ್ತಿದ್ದೆ. ಅವರು ಗೊಣಗುತ್ತಲೇ ಅಂಗೈಯಿಂದ ಒರೆಸುತ್ತಿದ್ದರು. ಬಿಡಿಸಿ ಹೇಳಿದ ಕೂಡಲೇ ನಗೆ ಸಾಯುತ್ತದೆ ಎಂದು ನನಗೆ ಕಲಿಸಿದವರೂ ಅವರೇ.

ಆಮೇಲೆ ಅವರ ಗಂಟಲಿಗೆ ರೋಗ ಬಂತು. ಕಲಬುರಗಿಯಲ್ಲಿ ಆಪರೇಷನ್ ಆಗಿ ದನಿಯೇ ಹೋಯಿತು. ಓಣಿಯ ತುದಿಯಿಂದಲೇ ನನ್ನನ್ನು ಕೂಗುತ್ತ ಬರುತ್ತಿದ್ದ ಮನುಷ್ಯ! ಆ ಕೂಗಿಲ್ಲದ ಮನೆಯಲ್ಲಿ ನನಗೆ ಹುಚ್ಚು ಹಿಡಿದಂತಾಗಿತ್ತು. ಅವರು ಏನು ಬರೆದರೂ ನಗತೊಡಗಿದೆ. ಕೆಟ್ಟದ್ದಕ್ಕೂ ನಕ್ಕೆ. ಒಂದು ದಿನ ಅವರು ಸೀಮೆಸುಣ್ಣ ಬಿಸಾಕಿ, ಮತ್ತೆ ಎತ್ತಿಕೊಂಡು ಕಲ್ಲಿನ ಮೇಲೆ ಬರೆದರು: 'ಸುಳ್ಳ ನಗಬ್ಯಾಡ. ನಾ ಇನ್ನಾ ಸತ್ತಿಲ್ಲ.'

ಮರುದಿನ ಹೊಸದು ಬರೆದು ಕರೆದಾಗ ಕಣ್ಣೊರೆಸಿಕೊಂಡು ಹೋಗಿ ನಿಂತೆ. ಕಾಗೆ ಪಕ್ಕದೂರು ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗಿ ಧೂಳಿನಲ್ಲಿ ಬೆಳ್ಳಗಾಗಿ ಬಂದಿದೆ. ಎಮ್ಮೆ ಅದನ್ನು ಬೆಳ್ಳಕ್ಕಿ ಎಂದುಕೊಂಡು ಬೆನ್ನ ಮೇಲೆ ಕೂರಲು ಕರೆಯುತ್ತದೆ. ಕಾಗೆಯೆಂದು ತಿಳಿದ ಮೇಲೆ, ಮೂರನೇ ಕಲ್ಲಿನಲ್ಲಿ, 'ಹಿಂಗ ಹೋದ್ರ ಮನ್ಯಾಗ ಗುರ್ತು ಹಿಡೀತಾರೇನು?' ಎಂದು ಕೇಳುತ್ತದೆ. ನಾಲ್ಕನೆಯದರಲ್ಲಿ ಕಾಗೆ ಧೂಳು, ಮಳೆ, ಹೆಂಡತಿಯ ಪ್ರೀತಿ ಎಂದು ಕಲ್ಲು ತುಂಬ ಮಾತಾಡಿತ್ತು.

"ನಗಿ ಬರವಲ್ದು," ಎಂದೆ. "ಕಾಗಿ ಭಾಳ ಮಾತಾಡ್ಲಿಕತ್ತದ. ಒರಸ್ರಿ."

ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿತು. ಒರೆಸಿದರು. ಕಾಗೆಯ ಕೊಕ್ಕಿನ ಮುಂದೆ ಒಂದೇ ಅಕ್ಷರ ಬರೆದರು: 'ಕಾ.'

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ಬಾಯಿ ತೆರೆದು ನಕ್ಕರು, ಸದ್ದಿಲ್ಲದೆ. ಅದನ್ನು ಕಂಡದ್ದೇ, ಅಲ್ಲೇ ಬಾಗಿಲಿಗೆ ಒರಗಿ ಅತ್ತುಬಿಟ್ಟೆ.

ಅದೇ ಅವರ ಕೊನೆಯ ಕಾಮಿಕ್ಸ್. ಅವರು ಹೋದ ಮೇಲೂ ಜನ ಅದನ್ನು ನೋಡುತ್ತಿದ್ದಾರೆ. ಮೊನ್ನೆ ಯಾರೋ ಅದರ ಕೆಳಗೆ, ಕೊನೆಯ ಚಿತ್ರ ಅರ್ಥವಾಗಲಿಲ್ಲ, ಬಿಡಿಸಿ ಹೇಳಿ ಎಂದು ಬರೆದಿದ್ದರು. ಉತ್ತರ ಬರೆಯಲೆಂದು ಮೊಬೈಲು ಹಿಡಿದು ಕೂತೆ. ಓಣಿಯ ತುದಿಯಿಂದ ಬರುತ್ತಿದ್ದ ಆ ಕೂಗನ್ನು ಹೇಗೆ ಬರೆಯಲಿ? ಮೊಬೈಲು ಪಕ್ಕಕ್ಕಿಟ್ಟು ರೊಟ್ಟಿ ಬಡಿಯಲು ಎದ್ದೆ.