ಮೂರು ಬ್ಯಾಟರಿ ನುಂಗಿದ ಬೋಟು

ನೀರಿನ ನಟ್ಟನಡುವೆ ಬೋಟು ನಿಂತುಹೋದಾಗ ನನ್ನ ಬ್ಯಾಗಿನಲ್ಲಿ ಏನಿತ್ತು, ಊಹಿಸಿ ನೋಡೋಣ?

ಒಂದು ಭಾಷಣ. ವಿಷಯ, ‘ನಿತ್ಯಜೀವನದಲ್ಲಿ ವಿದ್ಯುತ್’.

ನಾನು ಬಾಗಲಕೋಟೆ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಸಿಕ್ಸ್ ಕಲಿಸುವವಳು ಎಂಬುದು ನಿಮಗೆ ಗೊತ್ತೇ ಇದೆ. ಹಿನ್ನೀರಿನ ಆಚೆ ದಂಡೆಯ ಹಳ್ಳಿಯ ಹೈಸ್ಕೂಲಿನವರು ಭಾಷಣಕ್ಕೆ ಕರೆದಿದ್ದರು. (ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ಹಿರಿಯರೊಬ್ಬರು ಈ ಅಂಕಣ ತಪ್ಪದೆ ಓದುತ್ತಾರೆ.) ಬಸ್ಸಿನಲ್ಲಿ ಸುತ್ತಿ ಬಳಸಿ ಹೋದರೆ ಒಂದೂವರೆ ತಾಸು. ಬೋಟಿನಲ್ಲಿ ಇಪ್ಪತ್ತು ನಿಮಿಷ. ಬೋಟು ಹತ್ತಿದೆ.

ನಡೆಸುವಾಕೆ ಹನಮವ್ವ. ನಲವತ್ತರ ಆಸುಪಾಸು. ಬೋಟು ಊರಿನ ಸಮಿತಿಯದು. ಮೊದಲು ಅದನ್ನು ನಡೆಸುತ್ತಿದ್ದವನು ಆಕೆಯ ಗಂಡ. ಬೆನ್ನುನೋವೆಂದು ಅವನು ಬಿಟ್ಟ ಮೇಲೆ ಮೂರು ವರ್ಷದಿಂದ ಈಕೆಯೇ. ಇಂಜಿನ್ನಿನ ಮುಚ್ಚಳದ ಮೇಲೆ ತುಳಸಿಗೇರಿ ಹನುಮಪ್ಪನ ಫೋಟೋ ಅಂಟಿಸಿಕೊಂಡಿದ್ದಾಳೆ. ಬೆಳಿಗ್ಗೆ ಕಾಲೇಜಿನ ಹುಡುಗಿಯರು, ಹಾಲಿನ ಕ್ಯಾನುಗಳು ಈ ದಂಡೆಗೆ. ಸಂಜೆ ಅದೇ ಹುಡುಗಿಯರು, ಖಾಲಿ ಕ್ಯಾನುಗಳು ಆ ದಂಡೆಗೆ. ಆ ಹುಡುಗಿಯರ ಓದು ನಿಂತಿರುವುದೇ ಈ ಬೋಟಿನ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅರ್ಧ ದಾರಿಯಲ್ಲಿ, ಬೋಟನ್ನು ಮುಂದಕ್ಕೆ ತಳ್ಳುವ ನೀರೊಳಗಿನ ಫ್ಯಾನಿಗೆ ನೀರಿನ ಬಳ್ಳಿ ಸುತ್ತಿಕೊಂಡಿತು. ಹನಮವ್ವ ಇಂಜಿನ್ ಬಂದ್ ಮಾಡಿ, ಬಗ್ಗಿ, ಬಳ್ಳಿ ಕಿತ್ತು ಎಸೆದಳು. ಮತ್ತೆ ಗುಂಡಿ ಒತ್ತಿದಳು.

ಟಕ್.

ಇನ್ನೊಮ್ಮೆ ಒತ್ತಿದಳು. ಟಕ್, ಟಕ್. ಅಷ್ಟೇ.

“ಮುಗೀತ್ ನೋಡ್ರಿ. ಮತ್ತ ಬ್ಯಾಟರಿ ಕೈಕೊಡ್ತು,” ಎಂದ ಹಾಲಿನ ಕ್ಯಾನಿನವ, ತನಗೆ ಮೊದಲೇ ಗೊತ್ತಿತ್ತು ಎಂಬ ಧಾಟಿಯಲ್ಲಿ.

ಹನಮವ್ವ ನನ್ನ ಕಡೆ ತಿರುಗಿದಳು. “ಅಕ್ಕೋರ, ನೀವು ಸೈನ್ಸ್ ಕಲಸವರಲ್ಲ? ಒಂದೀಟು ನೋಡ್ರಿ.”

ನೋಡಿದೆ. ಕಪ್ಪು ಡಬ್ಬಿ. ವೈರು ಬಿಗಿಯಲು ಎರಡು ಮೊಳೆ, ಅವಕ್ಕೆ ಮೆತ್ತಿಕೊಂಡ ಹಸಿರು-ಬಿಳಿ ಪುಡಿ. ಪ್ಲಸ್ ಯಾವುದು, ಮೈನಸ್ ಯಾವುದು? ಆ ಪುಡಿಯಲ್ಲಿ ಗುರುತೇ ಕಾಣಲಿಲ್ಲ. ಬೋರ್ಡಿನ ಮೇಲೆ ನಾನು ಬರೆಯುವ ಬ್ಯಾಟರಿಗೆ ಎರಡು ಗೆರೆ ಸಾಕು. ಒಂದು ಉದ್ದ, ಒಂದು ಗಿಡ್ಡ. ಅದಕ್ಕೆ ಎಂದೂ ಪುಡಿ ಮೆತ್ತಿರಲಿಲ್ಲ!

“ನನಗ ತಿಳಿಯಂಗಿಲ್ಲ,” ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಪ್ರಾಮಾಣಿಕವಾದ ವಾಕ್ಯವನ್ನು ನಾನು ಆಡಿರಲಿಲ್ಲ.

ಅಷ್ಟರಲ್ಲಿ ಗಾಳಿ ಎದ್ದಿತ್ತು. ಬೋಟು ತೇಲುತ್ತ ಮುಳುಗಡೆಯಾದ ಮರಗಳ ಕಡೆ ಸರಿಯತೊಡಗಿತು. ನೀರಿನ ಕೆಳಗೆ ಆ ಬೊಡ್ಡೆಗಳು ಎಲ್ಲೆಲ್ಲಿ ಇವೆಯೋ ಯಾರಿಗೆ ಗೊತ್ತು? ಬೋಟಿನ ತಳ ಒಡೆಯಲು ಒಂದು ಬೊಡ್ಡೆ ಸಾಕು. ನನ್ನ ಪಕ್ಕದಲ್ಲಿದ್ದ ಹುಡುಗಿ ನನ್ನ ಕೈ ಹಿಡಿದುಕೊಂಡಳು. (ಅಥವಾ ನಾನೇ ಅವಳದ್ದನ್ನು ಹಿಡಿದೆನೋ, ನೆನಪಿಲ್ಲ.) ಹನಮವ್ವ ಎದ್ದು ನಿಂತು, ಬಾಯಿಗೆ ಎರಡೂ ಕೈ ಹಚ್ಚಿ ಕೂಗಿದಳು. ದೂರದಲ್ಲಿ ಬಲೆ ಬಿಡುತ್ತಿದ್ದ ಇಬ್ಬರು ಮೀನುಗಾರರು ತಮ್ಮ ದೋಣಿ ತಂದು, ಹಗ್ಗ ಕಟ್ಟಿ, ಹುಟ್ಟು ಹಾಕಿ ಎಳೆದರು. ದಂಡೆ ಮುಟ್ಟಲು ಒಂದು ತಾಸು ಹಿಡಿಯಿತು.

ದಂಡೆಯಲ್ಲಿ ಸಂಗಪ್ಪ ಕಾಕಾ ನಿಂತಿದ್ದರು. ಸಮಿತಿಯ ಹಿರಿಯರು. ಹಣೆ ತುಂಬ ವಿಭೂತಿ, ಅಚ್ಚ ಬಿಳಿ ಅಂಗಿ. ನನಗೆ ಕೈ ಮುಗಿದು “ಶರಣ್ರಿ” ಎಂದವರು ಹನಮವ್ವನ ಕಡೆ ತಿರುಗಿದಾಗ ದನಿ ಬದಲಾಗಿತ್ತು.

“ಎರಡು ವರ್ಷದಾಗ ಇದು ಮೂರನೇ ಬ್ಯಾಟರಿ ಹನಮವ್ವ. ನಾಕನೇದು ಹಾಕಸ್ತೇವಿ, ಅದರ ಮಾತಲ್ಲ. ಆದ್ರ ಹೆಣ್ಮಕ್ಕಳ ಕೈಯಾಗ ಮಶಿನ್ ಉಳಿಯಂಗಿಲ್ಲ ಅಂತ ಮಂದಿ ಅಂತಾರ. ಸೋಮವಾರದಿಂದ ಬ್ಯಾರೆಯವರನ್ನ ನೋಡ್ತೇವಿ.”

“ಸೋಮವಾರದ ತನಕ ಟೈಮ್ ಐತೆಲ್ರಿ ಕಾಕಾ?” ಎಂದಳು ಹನಮವ್ವ. ಅಳಲಿಲ್ಲ, ಜಗಳವಾಡಲಿಲ್ಲ. “ಅಲ್ಲೀತನ ಬೋಟು ನಂದs.”

ಅಂದು ನಾನು ಭಾಷಣ ಮಾಡಿದೆ. ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ಒಂದು ಚಪ್ಪಾಳೆಯೂ ರುಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಕಾಲೇಜಿನ ಲ್ಯಾಬಿನಿಂದ ಮಲ್ಟಿಮೀಟರ್ ಕೇಳಿ ಪಡೆದು ಬಸ್ಸು ಹತ್ತಿದೆ. ಯಾಕೆ? ನಾಚಿಕೆ, ಮತ್ತೇನು!

ಹನಮವ್ವ ಆಗಲೇ ಬ್ಯಾಟರಿಯನ್ನು ಬಾಗಲಕೋಟೆಗೆ ಒಯ್ದು ಚಾರ್ಜ್ ಮಾಡಿಸಿ ತಂದಿದ್ದಳು. ಅಂಗಡಿಯವ “ಇದು ಸತ್ತೇತಿ, ಹೊಸಾದು ತಗೋ” ಎಂದನಂತೆ. “ಸತ್ತದ್ದನ್ನs ಚಾರ್ಜ್ ಮಾಡಿ ಕೊಡೋ ಯಪ್ಪಾ” ಎಂದು ಪಟ್ಟು ಹಿಡಿದು ಕೂತಿದ್ದಳಂತೆ.

ಮೊದಲು ಮೊಳೆಗಳ ಪುಡಿ ತೆಗೆಯಬೇಕಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಟೂತ್ ಬ್ರಶ್ಶಿನಿಂದ ಉಜ್ಜಿದೆವು. ನಾನು ಉತ್ಸಾಹದಲ್ಲಿ ಪಾನಾ ಹಿಡಿದು ಒಂದು ಮೊಳೆಯ ನಟ್ಟು ಬಿಚ್ಚಲು ಹೋದೆ. ಪಾನಾದ ಹಿಂದಿನ ತುದಿ ಇನ್ನೊಂದು ಮೊಳೆಗೆ ತಾಗಿತು. ಚಟಾರನೆ ಕಿಡಿ!

“ಕೈ ತಗೀರಿ ಅಕ್ಕೋರ!” ಹನಮವ್ವ ನನ್ನನ್ನು ಹಿಂದಕ್ಕೆ ಎಳೆದಳು. “ಮೊದ್ಲ ಮೈನಸ್ ಬಿಚ್ಚಬೇಕು, ಆಮ್ಯಾಲ ಪ್ಲಸ್. ಹಾಕೂ ಮುಂದ ಮೊದ್ಲ ಪ್ಲಸ್. ಇಷ್ಟೂ ತಿಳೀದೇನ್ರಿ?”

ತಿಳಿದಿತ್ತು. ಪುಸ್ತಕದಲ್ಲಿ. ಕೈಗೆ ಇಳಿದಿರಲಿಲ್ಲ, ಅಷ್ಟೇ.

ಸಾಲಾಗಿದ್ದ ಆರು ಮುಚ್ಚಳ ತೆಗೆದು ನೋಡಿದೆವು. ಬ್ಯಾಟರಿ ನೀರು ಗೆರೆಯವರೆಗೆ ಸರಿಯಾಗಿಯೇ ಇತ್ತು. ಶುದ್ಧ ನೀರಿನ ಬದಲು ಹೊಳೆ ನೀರು ಸುರಿದಿರಬಹುದೇ ಎಂದು ನನಗೆ ಅನುಮಾನ. ಕೇಳಿಯೇ ಬಿಟ್ಟೆ. ಆಕೆ ನನ್ನನ್ನು ದುರುಗುಟ್ಟಿ ನೋಡಿ ಬ್ಯಾಟರಿ ನೀರಿನ ಕ್ಯಾನು ತಂದು ಮುಂದಿಟ್ಟಳು.

ಹಾಗಾದರೆ ಬ್ಯಾಟರಿ ಯಾಕೆ ಸಾಯುತ್ತದೆ?

“ಹೊಸಾದು ಹಾಕಿದ ಮ್ಯಾಲ ಹೆಂಗಾಗ್ತೈತಿ, ಒಂದೊಂದs ಹೇಳು,” ಎಂದೆ.

“ಒಂದು ವಾರ ಗುಂಡಿ ಒತ್ತಿದ ಕೂಡ್ಲೆ ಇಂಜಿನ್ ಗುರ್ರ್ ಅಂತೈತ್ರಿ. ಆಮ್ಯಾಲ ದಿನಾ ದನಿ ಸಣ್ಣ ಆಕ್ಕೋಂತ ಹೋಕ್ಕೈತಿ. ಎರಡನೇ ವಾರ ಕುಂಯ್ ಅಂತೈತಿ. ಆಗ ಪ್ಯಾಟಿಗೆ ಒಯ್ದು ಚಾರ್ಜ್ ಮಾಡಸ್ತೇವಿ. ಮತ್ತ ಗುರ್ರ್. ಹಿಂಗs ಮಾಡಿ ಮಾಡಿ ಎಂಟು ತಿಂಗಳಿಗೆ ಪೂರಾ ಸತ್ತs ಹೋಗ್ತೈತಿ.” ಆಮೇಲೆ ತಾನೇ ಕೇಳಿದಳು: “ಅಕ್ಕೋರ, ದಿನಾ ನಾಕು ಸಲ ಬೋಟು ಓಡತೈತಿ. ಓಡೂ ಮುಂದ ಇಂಜಿನ್ನs ಅದಕ್ಕ ಚಾರ್ಜ್ ಕೊಡಬೇಕಲ್ಲ? ಕೊಡವಲ್ದು ಅಂತ ಕಾಣ್ತೈತಿ.”

ಎರಡು ವರ್ಷದಿಂದ ಬ್ಯಾಟರಿಯನ್ನು ಬಸ್ಸಿನಲ್ಲಿ ಹೊತ್ತು ತಿರುಗುತ್ತಿದ್ದಾರೆ. ಓಡುವ ಇಂಜಿನ್ ಇರುವಾಗ ಅದನ್ನು ಪೇಟೆಗೆ ಯಾಕೆ ಒಯ್ಯಬೇಕು ಎಂದು ಯಾರೂ ಕೇಳಿರಲಿಲ್ಲ!

ಇಂಜಿನ್ ಚಾಲೂ ಮಾಡಿಸಿದೆ. ಬ್ಯಾಟರಿಗೆ ಮೀಟರ್ ಹಿಡಿದೆ. ಹನ್ನೆರಡೂವರೆ ವೋಲ್ಟ್. ಇಂಜಿನ್ ಓಡುವಾಗ ಅದು ಹದಿನಾಲ್ಕರ ಹತ್ತಿರ ಏರಬೇಕು. ಏರಲಿಲ್ಲ. ಈಗ ಕರೆಂಟ್ ಹುಟ್ಟಿಸುವ ಡೈನಮೋಗೆ ಹಿಡಿದೆ.

ಹದಿನಾಲ್ಕು ದಾಟಿತು!

ಬ್ಯಾಟರಿ ಸರಿ. ಡೈನಮೋ ಸರಿ. ನಡುವಿನ ವೈರು?

ಆ ವೈರು ಹಲಗೆಗಳ ಅಡಿಯಲ್ಲಿ ಹಾದುಹೋಗಿತ್ತು. ಇಂಜಿನ್ ನಿಲ್ಲಿಸಿ ಹನಮವ್ವ ಹಲಗೆ ಕಿತ್ತಳು. ಅಂಗಾತ ಮಲಗಿ, ಕೈ ಒಳಗೆ ಚಾಚಿ, ಕಣ್ಣು ಮುಚ್ಚಿಕೊಂಡು ವೈರನ್ನು ಗೇಣು ಗೇಣಾಗಿ ಒತ್ತುತ್ತ ಹೋದಳು. ಒಂದು ಕಡೆ ಕೈ ನಿಂತಿತು.

“ಇಲ್ಲಿ ಮೆತ್ತಗೈತಿ.”

ಕತ್ತರಿಸಿ ನೋಡಿದೆವು. ಮೇಲೆ ರಬ್ಬರು ನೆಟ್ಟಗಿತ್ತು. ಒಳಗಿನ ತಾಮ್ರ ತೇವಕ್ಕೆ ಕೊಳೆತು ಹಸಿರು ಹಿಟ್ಟಾಗಿತ್ತು. ಎರಡು ಮೂರು ಎಳೆ ಮಾತ್ರ ಹಿಡಿದುಕೊಂಡಿದ್ದವು. ಅದರೊಳಗಿಂದ ಕರೆಂಟ್ ಹೇಗೆ ಹರಿಯಬೇಕು?

ಹೊಸ ವೈರು ಹಾಕಿದೆವು. ಹಲಗೆಯ ಅಡಿಗಲ್ಲ, ನೀರು ತಾಗದಂತೆ ಮೇಲ್ಗಡೆ. ಮೊಳೆಗಳಿಗೆ ವ್ಯಾಸಲೀನ್ ಹಚ್ಚಿದೆವು. ಅಲುಗಾಡುತ್ತಿದ್ದ ಬ್ಯಾಟರಿಯನ್ನು ಹಳೆಯ ಟೈರಿನ ರಬ್ಬರ್ ಪಟ್ಟಿಯಿಂದ ಬಿಗಿದೆವು. ಇಂಜಿನ್ ಚಾಲೂ ಮಾಡಿ ಮೀಟರ್ ಹಿಡಿದೆ. ಅಂಕಿ ಮೇಲೇರಿತು. ಹದಿಮೂರು. ಹದಿಮೂರೂವರೆ. ಹದಿಮೂರು ಪಾಯಿಂಟ್ ಒಂಬತ್ತು. ಹನಮವ್ವನಿಗೆ ಅದನ್ನು ಕೂಗಿ ಹೇಳಿದೆ. ನನ್ನದೇ ರಿಸಲ್ಟ್ ನೋಡಿದಾಗಲೂ ಹಾಗೆ ಕೂಗಿರಲಿಲ್ಲ.

ಸೋಮವಾರ ನಾನು ರಜೆ ಹಾಕಿದೆ. ನೋಡದೆ ಇರಲು ಸಾಧ್ಯವೇ?

ಹಳ್ಳಿಯ ದಂಡೆಯಲ್ಲಿ ಅರ್ಧ ಊರೇ ಸೇರಿತ್ತು. ಸಂಗಪ್ಪ ಕಾಕಾ ಜೊತೆಗೆ ಹೊಸ ಡ್ರೈವರನನ್ನೂ ಕರೆತಂದಿದ್ದರು.

“ಒಮ್ಮೆ ಚಾಲೂ ಮಾಡಿ ತೋರಸವಾ,” ಎಂದರು.

“ದಂಡ್ಯಾಗ ತೋರಸೂದು ಏನ್ ದೊಡ್ಡದ್ರಿ ಕಾಕಾ? ಹತ್ರಿ.”

ಕಾಕಾ ಹತ್ತಿದರು. ಹೊಸ ಡ್ರೈವರನೂ ಹತ್ತಿದ. ನಾನು, ಹತ್ತು ಹನ್ನೆರಡು ಹುಡುಗಿಯರು, ಕ್ಯಾನಿನವ, ಎಲ್ಲರೂ ಹತ್ತಿದೆವು. ಅದೇ ಮುಳುಗಡೆಯ ಮರಗಳ ಹತ್ತಿರ ಬರುತ್ತಲೇ ಹನಮವ್ವ ಕೈ ಚಾಚಿ ಇಂಜಿನ್ ಬಂದ್ ಮಾಡಿದಳು.

ಅಲೆ ಬೋಟಿಗೆ ಬಡಿಯುವ ಸದ್ದು ಮಾತ್ರ. ಕಾಕಾ ಎರಡೂ ಕೈಯಿಂದ ಹಲಗೆ ಹಿಡಿದುಕೊಂಡರು.

“ಏನ್ ಮಾಡಾಕತ್ತೀ ಹನಮವ್ವ?”

“ನಾ ಏನೂ ಮಾಡಂಗಿಲ್ರಿ. ಹೆಣ್ಮಕ್ಕಳ ಕೈ ಬ್ಯಾಡ. ನೀವs ಗುಂಡಿ ಒತ್ರಿ.”

ಕಾಕಾ ನನ್ನ ಮುಖ ನೋಡಿದರು. ನಾನು ಮರಗಳ ಕಡೆ ನೋಡಿದೆ. ಹೊಸ ಡ್ರೈವರ ಆ ಗುಂಡಿಯೊಂದನ್ನು ಬಿಟ್ಟು ಮತ್ತೆಲ್ಲ ಕಡೆ ನೋಡಿದ. ಕೊನೆಗೆ ಕಾಕಾ ಹೆಬ್ಬೆರಳು ಇಟ್ಟು ಒತ್ತಿದರು.

ಗುರ್ರ್!

ಹುಡುಗಿಯರು ಹೋ ಎಂದು ಕೂಗಿದ ಕೂಗಿಗೆ ಮರಗಳ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಹನಮವ್ವ ನಗಲಿಲ್ಲ. “ಬಂದ್ ಮಾಡ್ರಿ ಕಾಕಾ. ಮತ್ತೊಮ್ಮೆ ಒತ್ರಿ,” ಎಂದಳು. ಕಾಕಾ ಆರು ಸಲ ಒತ್ತಿದರು. ಆರು ಸಲವೂ ಗುರ್ರ್. ಮೂರನೆಯ ಸಲದಿಂದ ಅವರಿಗೇ ಮಜಾ ಬರತೊಡಗಿತ್ತು.

ಪೇಟೆ ಕಡೆಯ ದಂಡೆ ಮುಟ್ಟಿದಾಗ ಹೊಸ ಡ್ರೈವರ ಯಾರಿಗೂ ಹೇಳದೆ ಇಳಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಕಾಕಾ ಇಳಿಯುವ ಮುನ್ನ ಹನಮವ್ವನ ಕಡೆ ತಿರುಗಿದರು.

“ಬೋಟು ನೀನs ನಡಸು ಯವ್ವಾ. ನಾನs ಮೊದ್ಲ ನಿನ್ನ ಒಂದು ಮಾತು ಕೇಳಬೇಕಿತ್ತು, ಬ್ಯಾಟರಿ ಯಾಕ ಸಾಯ್ತೈತಿ ಅಂತ.” ಆಮೇಲೆ ತುಸು ಸಣ್ಣ ದನಿಯಲ್ಲಿ: “ನಮ್ಮ ಟ್ರ್ಯಾಕ್ಟರಿನ ಬ್ಯಾಟರೀನೂ ಎರಡು ತಿಂಗಳಿಗೊಮ್ಮೆ ಮಲಗತೈತಿ. ಒಮ್ಮೆ ನೋಡ್ತಿ ಏನು?”

“ಭಾನುವಾರ ಬರ್ತೇನ್ರಿ,” ಎಂದಳು ಹನಮವ್ವ, ದೊಡ್ಡ ಡಾಕ್ಟರರಂತೆ.

ಅದಾಗಿ ಐದು ತಿಂಗಳು. ನಾಲ್ಕನೆಯ ಬ್ಯಾಟರಿ ಬರಲೇ ಇಲ್ಲ. ಆಕೆಗೆಂದೇ ಒಂದು ಮೀಟರ್ ಕೊಡಿಸಿದ್ದೇನೆ. ಪ್ರತಿ ಭಾನುವಾರ ಮೊಳೆ ಒರೆಸಿ, ನೀರಿನ ಗೆರೆ ನೋಡಿ, ನನಗೆ ಫೋನು ಮಾಡಿ ಒಂದು ಅಂಕಿ ಹೇಳಿ ಇಟ್ಟುಬಿಡುತ್ತಾಳೆ. ನಮಸ್ಕಾರವಿಲ್ಲ, ಕುಶಲವಿಲ್ಲ. “ಹನ್ನೆರಡು ಪಾಯಿಂಟ್ ಆರು!” ನನ್ನ ಭಾನುವಾರಗಳು ಈಗ ಹಾಗೆ ಶುರುವಾಗುತ್ತವೆ.

ಎರಡು ವರ್ಷದಲ್ಲಿ ಮೂರು ಬ್ಯಾಟರಿ ಬದಲಾಯಿಸಿದರು, ನಾಲ್ಕನೆಯದಕ್ಕೆ ಡ್ರೈವರನ್ನೇ ಬದಲಾಯಿಸಲು ಹೊರಟರು. ದಿನಾ ಆ ಇಂಜಿನ್ನಿನ ಪಕ್ಕ ಕೂರುವ ಹೆಂಗಸನ್ನು “ನಿನಗೇನನಿಸುತ್ತದೆ” ಎಂದು ಒಮ್ಮೆ ಕೇಳಲು ನಮಗೆ ಅಷ್ಟೊಂದು ಕಷ್ಟವೇಕೆ?